ಅರ್ಧ ಬಾಳೆಹಣ್ಣಿನ ತಪ್ಪೊಪ್ಪಿಗೆ

ಮಾನ್ಯ ನಿರ್ದೇಶಕರೇ,

ಬರುವ ಸೋಮವಾರ ತಮ್ಮ ಸಂಶೋಧನಾ ಕೇಂದ್ರದಲ್ಲಿ ನಲವತ್ತೆರಡನೇ ನಂಬರಿನ ಕೋತಿಯ ‘ಅಂತಿಮ ಮಾದರಿ ಸಂಗ್ರಹ’ ನಡೆಯಲಿದೆ ಎಂದು ತಿಳಿಯಿತು. ಕೊಂದು ಮಿದುಳು ತೆಗೆಯುವುದಕ್ಕೆ ಇಷ್ಟು ಸಂಭಾವಿತ ಹೆಸರಿಟ್ಟವರು ಯಾರೋ, ಅವರ ಭಾಷಾಜ್ಞಾನಕ್ಕೆ ದೊಡ್ಡ ನಮಸ್ಕಾರ. ನಿಲ್ಲಿಸಿ ಎಂದು ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ‘ಪರಿಶೀಲಿಸಲಾಗುವುದು’ ಎಂಬ ಒಂದೇ ಉತ್ತರ ಬಂತು. ಹಾಗಾಗಿ ನಾಲ್ಕು ಜನ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಯಾರೆಂದು ತಮಗೆ ನೆನಪಿರಲಾರದು. ಇಪ್ಪತ್ತಾರು ವರ್ಷ ತಮ್ಮ ಬೋನುಗಳನ್ನು ತೊಳೆದವನು. ಕೋತಿಗಳಿಗೆ ಆಹಾರ ತೂಗಿ ಹಾಕಿ, ಮಿಕ್ಕಿದ್ದನ್ನು ಮತ್ತೆ ತೂಗಿ ಬರೆದಿಟ್ಟವನು. ಐದು ತಿಂಗಳ ಹಿಂದೆ ನಿವೃತ್ತನಾದಾಗ ತಾವು ಗೋಡೆ ಗಡಿಯಾರ ಕೊಟ್ಟು, ‘ಈ ಸಂಸ್ಥೆ ನಿಮ್ಮ ಮನೆ ಇದ್ದ ಹಾಗೆ’ ಅಂದಿರಿ. ಮರುವಾರ ಆ ಮನೆಗೆ ಹೋದೆ. ಹನ್ನೆರಡು ವರ್ಷ ನನ್ನ ಜೊತೆ ಟೀ ಕುಡಿದ ಕಾವಲುಗಾರ ಪುಸ್ತಕ ತೆರೆದು, “ಒಳಗೆ ಯಾರನ್ನ ನೋಡ್ಬೇಕು ಅಂತ ಬರ್ಕೊಳ್ಲಿ ಅಣ್ಣಾ?” ಎಂದ. ಏನು ಹೇಳಲಿ? ಕೋತಿಯನ್ನು ಎಂದರೆ ಅವನ ಕೆಲಸ ಹೋಗುತ್ತಿತ್ತು. ವಾಪಸ್ಸು ಬಂದೆ.

ಓದುಗರಿಗಾಗಿ ಒಂದು ಮಾತು. ಮಿದುಳಿನೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ಒಯ್ಯುವ ಎಳೆಗಳಿವೆ. ಅವುಗಳ ಮೇಲೆ ವಿದ್ಯುತ್ ತಂತಿಗಿದ್ದಂತೆ ಒಂದು ಬಿಳಿ ಹೊದಿಕೆ. ವಯಸ್ಸಾದಂತೆ ಅದು ಸವೆಯುತ್ತದೆ. ಜೀವನವಿಡೀ ಕಡಿಮೆ ತಿಂದರೆ ನಿಧಾನವಾಗಿ ಸವೆಯುತ್ತದೆಯೇ ಎಂಬುದು ನಿರ್ದೇಶಕರ ಪ್ರಶ್ನೆ. ಅದಕ್ಕಾಗಿ ಅರ್ಧ ಕೋತಿಗಳಿಗೆ ಹೊಟ್ಟೆ ತುಂಬ, ಇನ್ನರ್ಧಕ್ಕೆ ಮೂರರಲ್ಲಿ ಎರಡು ಪಾಲು. ಪ್ರಶ್ನೆ ಒಳ್ಳೆಯದೇ. ನನ್ನ ಹೆಂಡತಿ ಕೊನೆಯ ವರ್ಷದಲ್ಲಿ ನನ್ನನ್ನೇ ಗುರುತು ಹಿಡಿಯದೆ ಹೋದಳು. ಆ ಪ್ರಶ್ನೆಗೆ ಉತ್ತರ ಬೇಡ ಎನ್ನುವವನು ನಾನಲ್ಲ.

ನಲವತ್ತೆರಡು ಕಡಿಮೆ ಪಾಲಿನವಳು. ಇಪ್ಪತ್ತೇಳು ವರ್ಷದ ಮುದುಕಿ. ನಾವು ಕೆಲಸದವರು ಅವಳನ್ನು ದೊಡ್ಡಮ್ಮ ಎನ್ನುತ್ತೇವೆ. ಪ್ರತಿ ಸಭೆಯಲ್ಲೂ ತಾವು ಅವಳ ಮಿದುಳಿನ ಚಿತ್ರ ತೋರಿಸಿ, “ಈ ವಯಸ್ಸಲ್ಲಿ ಎಷ್ಟು ಗಟ್ಟಿ ನೋಡಿ, ಎಲ್ಲಾ ಮಿತಾಹಾರದ ಮಹಿಮೆ” ಎಂದು ಚಪ್ಪಾಳೆ ಗಿಟ್ಟಿಸಿದ್ದೀರಿ. ಆಮೇಲೆ ಎಲ್ಲರೂ ಊಟದ ಹಾಲ್‌ಗೆ ಹೋಗುತ್ತಿದ್ದಿರಿ. ಬೇರೆಯವರ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕುವುದು ಸುಲಭ, ಅಲ್ಲವೇ?

ಈಗ ಕೇಳಿ. ಹನ್ನೊಂದು ವರ್ಷ, ದಿನಾ ಮಧ್ಯಾಹ್ನ, ನಾನು ದೊಡ್ಡಮ್ಮನಿಗೆ ನನ್ನ ಡಬ್ಬಿಯ ಬಾಳೆಹಣ್ಣಿನಲ್ಲಿ ಅರ್ಧ ಕೊಟ್ಟಿದ್ದೇನೆ. ತಟ್ಟೆ ಬರಿದಾದ ಮೇಲೆ ಸರಳಿನ ಸಂದಿಯಿಂದ ಕೈ ಚಾಚಿ ಕೂರುತ್ತಿದ್ದಳು. ಕಿರುಚುತ್ತಿರಲಿಲ್ಲ. ಕಿರುಚಿದ್ದರೆ ಬೈದು ಹೋಗುತ್ತಿದ್ದೆನೇನೋ. ಕೋತಿಗಳನ್ನು ತೂಗುವ ದಿನ ಅವಳ ತೂಕ ಇನ್ನೂರು, ಮುನ್ನೂರು ಗ್ರಾಂ ಕಡಿಮೆ ಬರೆದೆ. ಮನೆಯಲ್ಲಿ ಹೇಳಿದಾಗ ಹೆಂಡತಿ, “ನಂಗಿಂತ ಅವಳೇ ಹೆಚ್ಚಾದ್ಳಾ ನಿಮ್ಗೆ?” ಎಂದು ನಕ್ಕಳು. ಆಮೇಲೆ, “ಅಲ್ಲಿ ಸುಳ್ಳು ಬರೆದ್ರೆ ಇಲ್ಲಾದ್ರೂ ನಿಜ ಬರೆದಿಡಿ” ಅಂದಳು. ಅವಳ ಮಾತಿನಂತೆ ನಿಜವಾದ ತೂಕವೆಲ್ಲ ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿದೆ. ನಕಲು ಲಗತ್ತಿಸಿದ್ದೇನೆ.

ಎಂದಮೇಲೆ ತಮ್ಮ ಹೆಮ್ಮೆಯ ಮಾದರಿ ಕೆಟ್ಟ ಮಾದರಿ. ಅವಳ ಮಿದುಳು ಗಟ್ಟಿ ಉಳಿದದ್ದು ಕಡಿಮೆ ತಿಂದಿದ್ದಕ್ಕೋ, ಬಾಳೆಹಣ್ಣಿಗೋ, ದಿನಾ ಒಬ್ಬ ಪಕ್ಕದಲ್ಲಿ ಕೂತಿದ್ದಕ್ಕೋ, ನನಗಂತೂ ಗೊತ್ತಿಲ್ಲ. ತಮಗೂ ಗೊತ್ತಾಗುವುದಿಲ್ಲ. ಗೊತ್ತಾಗದ ಮೇಲೆ ಅವಳನ್ನು ಕೊಯ್ದು ಏನು ಪ್ರಯೋಜನ?

ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳುವುದಿಲ್ಲ. ಹೊಟ್ಟೆಗೆ ಹಾಕಿದ್ದೇ ನನ್ನ ತಪ್ಪು. ಹೆಂಡತಿ ಹೋಗಿ ನಾಲ್ಕು ವರ್ಷ. ಈಗಲೂ ಮಧ್ಯಾಹ್ನ ಹಣ್ಣು ಸುಲಿದು ಎರಡು ಮಾಡುತ್ತೇನೆ. ಆ ಇನ್ನರ್ಧ ಸಂಜೆಯವರೆಗೆ ಮೇಜಿನ ಮೇಲೆ ಕಪ್ಪಾಗುತ್ತದೆ. ಕೇಂದ್ರದ ಡಾಕ್ಟರಮ್ಮ ಫೋನು ಮಾಡಿ, “ದೊಡ್ಡಮ್ಮ ಈಗ್ಲೂ ಮಧ್ಯಾಹ್ನ ಕೈ ಚಾಚ್ತಾಳೆ ಅಣ್ಣಾ, ನಾವು ಯಾರು ಹೋದ್ರೂ ಹಿಂದಕ್ಕೆ ತಗೋತಾಳೆ” ಅಂದರು. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ನನ್ನ ಬೇಡಿಕೆ ಇಷ್ಟೇ. ನಲವತ್ತೆರಡನ್ನು ಪ್ರಯೋಗದಿಂದ ಕೈಬಿಡಿ. ನನ್ನ ಮೇಲೆ ಯಾವ ಕ್ರಮ ಬೇಕಾದರೂ ಜರುಗಿಸಿ. ಅವಳು ಇರುವಷ್ಟು ದಿನ ಮಧ್ಯಾಹ್ನ ಅರ್ಧ ಗಂಟೆ ನನ್ನನ್ನು ಒಳಗೆ ಬಿಡಿ. ಗೇಟಿನಲ್ಲಿ ಜೇಬು ತಡಕಿಸಿ, ಬರಿಗೈಯಲ್ಲೇ ಬರುತ್ತೇನೆ. ಅವಳು ಕೈ ಚಾಚಿದರೆ ನನ್ನ ಕೈ ಕೊಡುತ್ತೇನೆ.

ಇಂತಿ,
ತಮ್ಮ ಪ್ರಯೋಗ ಕೆಡಿಸಿದ,
ದೊಡ್ಡಮ್ಮನ ಊಟದವನು