ಎರಡು ಸಾವಿರದ ಮುನ್ನೂರನೇ ಇಸವಿಗೆ ಹೊರಟ ಬಸ್ಸಿಗೆ ಪರವಾನಗಿ ಕೇಳಿದವರಿಗೆ

ನಗರ ಸಾರಿಗೆ ಪರವಾನಗಿ ವಿಭಾಗದ ಮುಖ್ಯಾಧಿಕಾರಿಗಳೇ,

ಮಾನ್ಯರೇ, ತಾವು ಒಂದು ಕವಿತೆಗೆ ನೋಟಿಸು ಜಾರಿ ಮಾಡಿದ್ದೀರಿ. ಮೆರಿವೆದರ್ ಬೀದಿಯ ಖಾಲಿ ನಿವೇಶನದಿಂದ ಭಾನುವಾರ ಸಂಜೆಗಳಲ್ಲಿ ಅನಧಿಕೃತವಾಗಿ ಬಸ್ಸು ಓಡಿಸಲಾಗುತ್ತಿದೆ, ವಾಹನಕ್ಕೆ ನೋಂದಣಿ ಇಲ್ಲ, ಚಾಲಕಿಗೆ ಪರವಾನಗಿ ಇಲ್ಲ, ನಿಲ್ದಾಣಗಳಿಗೆ ಅನುಮೋದನೆ ಇಲ್ಲ ಎಂದು ಅದರಲ್ಲಿ ಬರೆದಿದೆ. ಎಲ್ಲವೂ ಸತ್ಯ. ಒಂದನ್ನು ಮಾತ್ರ ತಮ್ಮ ಕಚೇರಿ ಸೇರಿಸಲು ಮರೆತಿದೆ: ಬಸ್ಸೂ ಇಲ್ಲ.

ನಾನು ಆ ನಿವೇಶನದ ಪಕ್ಕದಲ್ಲಿ ಜಡೆ ಹೆಣೆಯುವ ಅಂಗಡಿ ಇಟ್ಟುಕೊಂಡವಳು. ನಮ್ಮ ಬೀದಿಗೆ ಹಿಂದೆ ಚಕ್ರವಿರುವ ಬಸ್ಸೇ ಬರುತ್ತಿತ್ತು. ಕಾರು ಕಾರ್ಖಾನೆಗಳು ಬಾಗಿಲು ಹಾಕಿ ಅರ್ಧ ಮನೆಗಳು ಖಾಲಿಯಾದ ಮೇಲೆ, ಪ್ರಯಾಣಿಕರ ಕೊರತೆ ಎಂದು ತಮ್ಮ ಕಚೇರಿಯೇ ಅದನ್ನು ನಿಲ್ಲಿಸಿತು. ಉಳಿದ ಅರ್ಧ ಮನೆಗಳಲ್ಲಿ ಕಪ್ಪು ಜನರಾದ ನಾವಿದ್ದೇವೆ. ತಮ್ಮ ಲೆಕ್ಕದಲ್ಲಿ ನಾವು ಪ್ರಯಾಣಿಕರಾಗಿರಲಿಲ್ಲ. ಒಂದು ಕವಿತೆಯೊಳಗೆ ಕೂತ ಕೂಡಲೇ ಪ್ರಯಾಣಿಕರಾಗಿಬಿಟ್ಟೆವು. ಈ ಬಡ್ತಿಗಾಗಿ ಬೀದಿಯ ಪರವಾಗಿ ಕೃತಜ್ಞತೆಗಳು.

ಚಾಲಕಿಯ ಹೆಸರು ಜೆನೋಬಿಯಾ ಟಗಲ್. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ. ಅವಳ ಕವಿತೆಗಳು ಅಚ್ಚಾಗುವಂಥವಲ್ಲ; ಜನರ ಮುಂದೆ ನಿಂತು, ಕೈಯಾಡಿಸಿ, ಪಾದದಲ್ಲಿ ತಾಳ ಹಾಕಿ ಹೇಳುವಂಥವು. ಹೋದ ಬೇಸಿಗೆಯಲ್ಲಿ ಜಡೆ ಹಾಕಿಸಿಕೊಳ್ಳಲು ಬಂದವಳು ನನ್ನ ಕುರ್ಚಿಯಲ್ಲಿ ಕೂತು ಗೊಣಗಲು ಶುರುಮಾಡಿದಳು.

“ಮಿಸ್ ಕೋರ್ಡೀಲಿಯಾ, ನಮ್ಮ ಜನ ಕಥೆ ಹೇಳೋಕೆ ಕೂತ್ರೆ ಬರೀ ಹಿಂದಕ್ಕೇ ಹೋಗ್ತಾರೆ. ಗುಲಾಮರ ಹಡಗು, ಹತ್ತಿಹೊಲ, ಸರಪಳಿ. ಮುಂದಕ್ಕೆ ಯಾಕೆ ಯಾರೂ ಹೋಗಲ್ಲ? ಬಾಹ್ಯಾಕಾಶದ ಸಿನಿಮಾ ನೋಡಿ, ನಮ್ಮೋರು ಒಬ್ರಿದ್ರೆ ಮೊದಲು ಸಾಯೋದು ಅವ್ರೇ.”

“ತಲೆ ಅಲ್ಲಾಡಿಸ್ಬೇಡ, ಬೈತಲೆ ಸೊಟ್ಟ ಆಗತ್ತೆ,” ಎಂದೆ. “ಮುಂದಕ್ಕೆ ಹೋಗೋಕೆ ಬಸ್ ಬೇಕಲ್ಲ ಮಗಳೇ? ನಮ್ಮ ಬೀದಿಗೆ ಅದಕ್ಕೂ ದಿಕ್ಕಿಲ್ಲ.”

ಅವಳು ನಕ್ಕ ರಭಸಕ್ಕೆ ಬೈತಲೆ ನಿಜವಾಗಿಯೂ ಸೊಟ್ಟಗಾಯಿತು. ಮುಂದಿನ ಭಾನುವಾರ ಚರ್ಚಿನಿಂದ ಮಡಿಸುವ ಕುರ್ಚಿಗಳನ್ನು ಕಡ ತಂದು, ಮಧ್ಯೆ ಓಡಾಡಲು ದಾರಿ ಬಿಟ್ಟು, ಬಸ್ಸಿನಂತೆ ಎರಡೂ ಕಡೆ ಸಾಲುಸಾಲಾಗಿ ಜೋಡಿಸಿದಳು. ತಾವು ಕೈಬಿಟ್ಟ ನಿಲ್ದಾಣದ ಕಂಬಕ್ಕೆ ಒಂದು ರಟ್ಟು ನೇತುಹಾಕಿದಳು: “ಎರಡು ಸಾವಿರದ ಮುನ್ನೂರನೇ ಇಸವಿಗೆ ನೇರ ಬಸ್ಸು. ಟಿಕೆಟ್ ಬೇಡ. ಎಲ್ಲಿ ಬೇಕಾದರೂ ಕೂರಿ.” ಹಾಗೆ ನೋಡಿದರೆ ಮೊದಲ ಆರೋಪಿ ನಾನೇ. ತಮ್ಮ ತನಿಖೆಯಲ್ಲಿ ಅದೂ ಬಿಟ್ಟುಹೋಗಿದೆ.

ನನ್ನ ಅಪ್ಪ ಹೋಸಿಯಾ ಪೆಟಾವೇ ಬರಲು ಒಪ್ಪಲಿಲ್ಲ. ಎಂಬತ್ತು ದಾಟಿದ ಮನುಷ್ಯ. “ಕವಿತೆಯಂತೆ! ಆ ಹುಡುಗಿ ನಂಗೆ ಬಿ.ಪಿ. ಮಾತ್ರೆ ಕೊಡ್ತಾಳೆ, ಅಷ್ಟು ಸಾಕು,” ಎಂದರು. ಪಕ್ಕದ ಮನೆಯ ಲೂಡೆಲ್ ಸಿಹಿಗೆಣಸಿನ ಪೈ ಮಾಡಿ ತರುತ್ತಾಳೆಂದು ತಿಳಿದ ಮೇಲೆ ಟೋಪಿ ಹುಡುಕಿಕೊಂಡರು. ಬಂದು, ಕಟ್ಟಕಡೆಯ ಸಾಲಿನ ಮೂಲೆ ಕುರ್ಚಿಯಲ್ಲಿ ಕೂತರು. ಜೆನೋಬಿಯಾ ಮುಂದೆ ನಿಂತು, ಇಲ್ಲದ ಬಾಗಿಲನ್ನು ಎಳೆದು ಮುಚ್ಚಿದಳು.

“ಮೊಣಕೈ ಒಳಗಿಡಿ, ನೋವು ಹೊರಗಿಡಿ,
ಜಾಗ ಇಲ್ಲವೆಂದಲ್ಲ, ಅಲ್ಲಿ ಅದಕ್ಕೆ ಕೆಲಸವಿಲ್ಲ.
ಮುಂದಿನ ನಿಲ್ದಾಣ: ಹಳೇ ಜೈಲು.
ಈಗಲ್ಲಿ ಬಿತ್ತನೆ ಬೀಜಗಳು ಮಲಗುತ್ತವೆ, ಮೆಲ್ಲಗೆ ಮಾತಾಡಿ.
ಗಾಜಿನ ಪೆಟ್ಟಿಗೆಯಲ್ಲಿ ಒಂದು ಕೈಕೋಳ,
ಅದರ ಮುಂದೆ ನಿಂತ ಮಗು ಕೇಳುತ್ತದೆ:
ಅಮ್ಮಾ, ಇಷ್ಟು ಕೆಟ್ಟ ಬಳೆ ಯಾರು ತೊಡುತ್ತಿದ್ದರು?
ಅಮ್ಮನಿಗೆ ಗೊತ್ತಿಲ್ಲ.
ಗೊತ್ತೇ ಇಲ್ಲದ ಆ ಅಮ್ಮನನ್ನು ನೋಡಲು
ನಾನು ಶತಮಾನಗಟ್ಟಲೆ ಗಾಡಿ ಓಡಿಸುತ್ತೇನೆ.”

ಲೂಡೆಲ್‌ಳ ಮಗ ಜೈಲಿನೊಳಗಿದ್ದಾನೆ. ಅವಳು ಪೈ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಯಾರಿಗೂ ಹಂಚದೆ, ಹಾಗೇ ಕೂತಿದ್ದಳು. ಅಷ್ಟರಲ್ಲಿ ನಿಜವಾದ ಪೊಲೀಸ್ ಗಾಡಿಯೊಂದು ಸೈರನ್ ಹಾಕಿಕೊಂಡು ಬೀದಿಯ ತುದಿಯಲ್ಲಿ ಹಾದುಹೋಯಿತು. ಎಲ್ಲರ ಬೆನ್ನೂ ಸೆಟೆದುಕೊಂಡಿತು. ಅದು ನಮಗೆ ಅಭ್ಯಾಸ. ಜೆನೋಬಿಯಾ ಕವಿತೆ ನಿಲ್ಲಿಸಿ, ಕಿವಿಗೊಟ್ಟು, ಆಮೇಲೆ ಚಾಲಕಿಯ ಗತ್ತಿನಲ್ಲೇ ಹೇಳಿದಳು: “ಪ್ರಯಾಣಿಕರೇ, ಗಾಬರಿ ಬೇಡ. ನಾವು ಹೋಗ್ತಿರೋ ಕಡೆ ಅದು ಕೂಗೋದು ಮೆಕ್ಕೆಜೋಳದ ಬ್ರೆಡ್ಡು ಬೆಂದಾಗ ಮಾತ್ರ.” ಜನ ಎಷ್ಟು ನಕ್ಕರೆಂದರೆ ಸೈರನ್ ಯಾವಾಗ ದೂರವಾಯಿತೋ ತಿಳಿಯಲೇ ಇಲ್ಲ.

ಅಪ್ಪ ಆಗ ಎದ್ದರು. ಮನೆಗೆ ಹೊರಟರೆಂದುಕೊಂಡೆ. ಮಧ್ಯದ ಸಾಲಿಗೆ ಹೋಗಿ ಕೂತರು. ಮುಂದಿನ ನಿಲ್ದಾಣಕ್ಕೆ ಎಡಗಡೆ, ಅದರ ಮುಂದಿನದಕ್ಕೆ ಬಲಗಡೆ.

“ಹೋಸಿಯಾ, ಒಂದ್ಕಡೆ ಕೂತ್ಕೊಳಯ್ಯ, ನನ್ನ ಕಾಲು ತುಳಿದೆ!” ಎಂದು ಲೂಡೆಲ್ ರೇಗಿದಳು.

“ಸುಮ್ನಿರೇ. ಎಲ್ಲಿ ಬೇಕಾದ್ರೂ ಕೂರಿ ಅಂತ ಬರ್ದಿದಾಳೆ. ಎಲ್ಲಾನೂ ನೋಡ್ಬೇಡ್ವಾ?”

ಕೊನೆಗೆ ಚಾಲಕಿಯ ಹಿಂದಿನ ಮೊದಲ ಕುರ್ಚಿಗೆ ಬಂದು, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

ಇನ್ನು ತಮ್ಮ ತಪಾಸಕರ ವಿಷಯ. ಮಿಂಚುವ ಪಟ್ಟಿಯ ಜಾಕೆಟ್ ತೊಟ್ಟು ಅವರು ಒಂದು ಭಾನುವಾರ ಬಂದರು.

“ವಾಹನ ಎಲ್ಲಿದೆ?”

“ಅದ್ರೊಳಗೇ ನಿಂತಿದೀರಲ್ಲ ಸ್ವಾಮಿ,” ಎಂದಳು ಲೂಡೆಲ್.

“ಎಲ್ಲಿಗೆ ಹೋಗುತ್ತೆ ಇದು?”

“ಎರಡು ಸಾವಿರದ ಮುನ್ನೂರಕ್ಕೆ,” ಎಂದಳು ಜೆನೋಬಿಯಾ.

“ಅದು ಯಾವ ಬಡಾವಣೆ?”

ಆಮೇಲೆ ಟೇಪು ತೆಗೆದು ಕುರ್ಚಿಗಳ ನಡುವಿನ ದಾರಿಯನ್ನು ಅಳೆದರು. ಓಡುವ ಗಾಡಿಯಲ್ಲಿ ನಿಲ್ಲಬಾರದೆಂದು ಅಪ್ಪ ಗದರಿಸಿದ್ದಕ್ಕೆ ಕೂತರು. ಕೊನೆಯ ನಿಲ್ದಾಣದವರೆಗೆ ಕೂತೇ ಇದ್ದರು. ದಾರಿ ಕಿರಿದಾಗಿದೆ ಎಂದು ಅವರ ವರದಿಯಲ್ಲಿದೆ. ಅವರು ಚಪ್ಪಾಳೆ ತಟ್ಟಿದ್ದು ವರದಿಯಲ್ಲಿಲ್ಲ.

ಆ ವಾರವೇ ತಮ್ಮ ಲಾರಿ ಬಂದು ಕುರ್ಚಿಗಳನ್ನು ಹೊತ್ತೊಯ್ದಿತು. ನಿವೇಶನದ ಗೇಟಿಗೆ ಸರಪಳಿ ಬಿತ್ತು. ಜೆನೋಬಿಯಾ ವಿಚಾರಣೆಗೆ ಹಾಜರಾಗಬೇಕಾಯಿತು, ನಾವೂ ಹಿಂದೆ ಹೋದೆವು. ತಾವು ಒರಟಾಗಿ ನಡೆದುಕೊಂಡಿರೆಂದು ನಾನು ಹೇಳಲಾರೆ. ಅತ್ಯಂತ ಮೃದುವಾಗಿ ಹೇಳಿದಿರಿ:

“ನೋಡಮ್ಮ, ವಿಷಯ ಸಣ್ಣದು. ಈ ಬಸ್ಸು ಎಲ್ಲಿಗೂ ಹೋಗೋದಿಲ್ಲ, ಇಂಥ ಜಾಗ ಯಾವುದೂ ಇಲ್ಲ ಅಂತ ಇಲ್ಲೊಂದು ಸಹಿ ಹಾಕಿ. ಕೇಸು ಮುಗೀತು, ಕುರ್ಚಿ ವಾಪಸ್.”

ಸಹಿ ಹಾಕಿಬಿಡು ಮಗಳೇ ಎಂದೇ ನನ್ನ ಮನಸ್ಸೂ ಹೇಳಿತು. ಚರ್ಚಿನವರು ಕುರ್ಚಿ ಕೇಳುತ್ತಿದ್ದರು, ದಂಡ ಬಿದ್ದರೆ ಅವಳು ಕಟ್ಟುವ ಸ್ಥಿತಿಯಲ್ಲಿರಲಿಲ್ಲ. ಅವಳು ಪೆನ್ನು ತೆಗೆದುಕೊಂಡಳು, ಓದಿದಳು, ಪೆನ್ನು ಕೆಳಗಿಟ್ಟಳು. 

“ಚಕ್ರ ಇಲ್ಲ ಅಂತ ಬರೀರಿ, ಹಾಕ್ತೀನಿ. ಎಂಜಿನ್ ಇಲ್ಲ ಅಂತ ಬರೀರಿ, ಅದಕ್ಕೂ ಹಾಕ್ತೀನಿ. ಹೋಗಲ್ಲ ಅಂತ ಮಾತ್ರ ಹಾಕಲ್ಲ ಸರ್. ಜನ ಹತ್ತಿದಾರೆ.”

“ಹಾಗಾದ್ರೆ ಅಲ್ಲಿಗೆ ಹೋಗಿ ಬಂದೋರು ಯಾರಾದ್ರೂ ಇದಾರಾ?” ಎಂದು ತಾವು ಸಭೆಯ ಕಡೆ ನೋಡಿ ನಕ್ಕಿರಿ. ಅದು ಪ್ರಶ್ನೆಯಲ್ಲವೆಂದು ನಮಗೆಲ್ಲ ಗೊತ್ತಿತ್ತು. ಅಪ್ಪನಿಗೆ ಕಿವಿ ಸ್ವಲ್ಪ ಮಂದ. ಪ್ರಶ್ನೆಯೆಂದೇ ತಿಳಿದು ಎದ್ದು ನಿಂತರು.

“ನಾನಿದೀನಿ,” ಎಂದರು. “ಅಲಬಾಮಾದಲ್ಲಿ ನಾನು ಚಿಕ್ಕೋನಿದ್ದಾಗ ನಮ್ಮಮ್ಮ ಮುಂದಿನ ಬಾಗಿಲಲ್ಲಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಂದ ಹತ್ತಬೇಕಿತ್ತು. ನಮ್ಮೋರಿಗೆ ಅದೇ ನಿಯಮ, ಕೂರೋದೂ ಹಿಂದಿನ ಸೀಟಲ್ಲೇ. ಒಂದ್ಸಲ ಅವಳು ಹಿಂದಕ್ಕೆ ಹೋಗೋದ್ರೊಳಗೆ ಡ್ರೈವರ್ ಬಿಟ್ಕೊಂಡು ಹೋಗೇಬಿಟ್ಟ. ನನ್ನ ಕೈ ಹಿಡ್ಕೊಂಡು ಮನೆವರ್ಗೂ ನಡೆದ್ಲು. ನಾನು ಅಳ್ತಿದ್ದೆ. ‘ಬಿಡೋ, ಆ ಬಸ್ಸು ನಾವು ಹೋಗ್ಬೇಕಾದ ಕಡೆ ಹೋಗ್ತಾನೇ ಇರಲಿಲ್ಲ’ ಅಂದ್ಲು. ಹೋಗೋ ಬಸ್ಸು ಯಾವ್ದು ಅಂತ ಅವತ್ತಿಂದ ನೋಡ್ತಾ ಇದ್ದೆ ಸರ್. ಹೋದ ಬೇಸಿಗೇಲಿ ಸಿಕ್ತು.”

“ಯಜಮಾನ್ರೇ, ಸೇವೆ ಬಗ್ಗೆ ನಿಮಗೇನಾದ್ರೂ ದೂರು ಇದೆಯಾ?” ಎಂದು ತಮ್ಮ ಗುಮಾಸ್ತೆ ಕೇಳಿದಳು. ಪಾಪ, ಅಭ್ಯಾಸಬಲ.

“ಒಂದಿದೆ. ಬೇಗ ವಾಪಸ್ ಕರ್ಕೊಂಡು ಬಂದ್ಬಿಟ್ಲು.”

ಗುಮಾಸ್ತೆ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ತಾವು ಗಡಿಯಾರ ನೋಡಿದಿರಿ. ಕೆಲವು ದಿನಗಳಲ್ಲಿ ಆದೇಶ ಬಂತು: ಸಹಿ ಬೀಳುವವರೆಗೆ ಗೇಟು ತೆರೆಯುವಂತಿಲ್ಲ, ಕುರ್ಚಿ ಹಿಂತಿರುಗಿಸುವಂತಿಲ್ಲ.

ಮಾನ್ಯರೇ, ನನಗೆ ಅರ್ಥವಾಗದ್ದು ಒಂದಿದೆ. ನಾವು ಹಿಂದಿನದನ್ನು ನೆನೆದರೆ ತಾವು ಸ್ಮಾರಕ ಫಲಕ ನೆಡುತ್ತೀರಿ. ಫೆಬ್ರವರಿ ಬಂದರೆ ಕಪ್ಪು ಜನರ ಇತಿಹಾಸದ ತಿಂಗಳೆಂದು ಗದ್ಗದಿತರಾಗಿ ಭಾಷಣ ಮಾಡುತ್ತೀರಿ. ನಮ್ಮ ಸಂಕಟಕ್ಕೆ ಈ ನಗರದಲ್ಲಿ ಎಂದೂ ಪರವಾನಗಿ ಬೇಕಾಗಿಲ್ಲ. ಆದರೆ ನಾವು ಸುಖವಾಗಿರುವ ಒಂದು ನಾಳೆಯನ್ನು ಗಟ್ಟಿಯಾಗಿ ಹೇಳಿದ ಕೂಡಲೇ ಟೇಪು ಹಿಡಿದು ಅಳೆಯಲು ಬರುತ್ತೀರಿ! ಅಂಥ ಜಾಗವೇ ಇಲ್ಲವೆಂದು ನಮ್ಮ ಕೈಯಲ್ಲೇ ಬರೆಸಿಕೊಳ್ಳಲು ಇಷ್ಟೊಂದು ಆತುರವೇಕೆ? ಬರೀ ಮಾತಾಗಿದ್ದರೆ ಅದಕ್ಕೆ ಸರಪಳಿ ಯಾಕೆ ಬೇಕಿತ್ತು?

ಆದ್ದರಿಂದ ನಮ್ಮ ಆಗ್ರಹ. ಚರ್ಚಿನ ಕುರ್ಚಿಗಳನ್ನು ಹಿಂತಿರುಗಿಸಿ. ಶವಸಂಸ್ಕಾರದ ನಂತರ ಚರ್ಚಿನಲ್ಲಿ ಸಾವಿನ ಮನೆಯವರು ನಿಂತು ಊಟ ಮಾಡುತ್ತಿದ್ದಾರೆ. ಗೇಟಿನ ಬೀಗ ತೆಗೆಯಿರಿ. ಅಲ್ಲಿಯವರೆಗೆ ನಾವು ಗೇಟಿನ ಹೊರಗಿನ ಫುಟ್‌ಪಾತಿನಲ್ಲಿ ನಿಂತೇ ಪ್ರಯಾಣ ಮಾಡುತ್ತೇವೆ, ಈಗ ಮೊದಲಿಗಿಂತ ಹೆಚ್ಚು ಜನ ಬರುತ್ತಿದ್ದಾರೆ. ಆ ಹೇಳಿಕೆಯ ಹಾಳೆಯನ್ನು ಹರಿದುಹಾಕಿ. ಕೊನೆಯದಾಗಿ, ತಮ್ಮ ಚಕ್ರವಿರುವ ಬಸ್ಸನ್ನು ನಮ್ಮ ಬೀದಿಗೆ ಮತ್ತೆ ಬಿಡಿ. ಡಯಾಲಿಸಿಸ್‌ಗೆಂದು ಲೂಡೆಲ್ ಹಿಮ ಹೆಪ್ಪುಗಟ್ಟಿದ ರಸ್ತೆಯಲ್ಲಿ ಆಸ್ಪತ್ರೆಯವರೆಗೆ ನಡೆಯುತ್ತಾಳೆ. ಪ್ರಯಾಣಿಕರಿದ್ದೇವೆಂದು ತಮ್ಮ ನೋಟಿಸೇ ಈಗ ಒಪ್ಪಿಕೊಂಡಿದೆ.

ಆ ಬಸ್ಸು ಬಂದರೆ ಜೆನೋಬಿಯಾ ತನ್ನದನ್ನು ನಿಲ್ಲಿಸುತ್ತಾಳೆಂದು ಮಾತ್ರ ಭಾವಿಸಬೇಡಿ. ನಿನ್ನೆ ನಾನೇ ಕೇಳಿದೆ.

“ಇಲ್ಲ ಮಿಸ್ ಕೋರ್ಡೀಲಿಯಾ,” ಎಂದಳು. “ಅದು ಆಸ್ಪತ್ರೆಗೆ. ಇದು ನಮ್ಮೂರಿಗೆ.”

ಇಂತಿ,
ತಮ್ಮ ಕಡತದಲ್ಲಿ ಅಕ್ರಮ ಪ್ರಯಾಣಿಕೆ, ಮೆರಿವೆದರ್ ಬೀದಿಯಲ್ಲಿ ಜಡೆ ಹೆಣೆಯುವವಳು,
ಸದ್ಯಕ್ಕೆ ನಿಂತೇ ಇರುವ
ಕೋರ್ಡೀಲಿಯಾ ಪೆಟಾವೇ