ಆಷಾಢದಲ್ಲಿ ಬರೆದ ಜಾಝ್ ಕಥೆ

ಹೊಸೂರು, 26 ಜೂನ್ 1984. ಬೆಳಿಗ್ಗೆ ಹತ್ತೂವರೆ

ಅವರು ಫ್ಯಾಕ್ಟರಿಗೆ ಹೊರಟರು. ಅವರ ಜಾಝ್ ರೆಕಾರ್ಡುಗಳ ಧೂಳು ಒರೆಸಿಯಾಯಿತು — ನನ್ನ ನಿತ್ಯಪೂಜೆ! ಮದುವೆಯಾಗಿ ನಲವತ್ತೊಂದು ದಿನ. ದ್ವಾರಕಾನಾಥ, ದ್ವಾರಕಾನಾಥ! ಇಲ್ಲಿ ಬರೆಯಬಹುದು. ಬಾಯಲ್ಲಿ ಹೇಳಿದರೆ ಅತ್ತೆ ಮೂರ್ಛೆ ಹೋಗುತ್ತಾರೆ.

ಮೂರು ರೆಕಾರ್ಡಿನ ಹಿಂದೆ ‘ವೇದವತಿ’ ಅಂತ ಹೆಸರು. ಯಾರು ಅಂತ ಅತ್ತೆಯನ್ನು ಕೇಳಿದೆ.

“ನಮ್ಮ ನಾದಿನಿ ಮಗಳು ಕಣೆ. ಟೈಪಿಂಗ್ ಕ್ಲಾಸ್ ನಡೆಸ್ತಾಳೆ. ಇವನಿಗೆ ಅವಳನ್ನೇ ತರೋದು ಅಂತಿತ್ತು. ಜಾತಕ ಕೂಡಿಬರ್ಲಿಲ್ಲ.”

ಹುಳಿಗೆ ಉಪ್ಪು ಹಾಕುತ್ತ ಹೇಳಿದರು. ಎಷ್ಟು ಸಲೀಸಾಗಿ!

27 ಜೂನ್

ಬೆಂಗಳೂರಿನ ಮ್ಯೂಸಿಕ್ ಕ್ಲಬ್ಬಿನಿಂದ ಅವರಿಗೆ ಕಾಗದ. ಜಾಝ್ ಪ್ರಿಯರಿಗೆ, ಕಲಾಪ್ರಿಯರಿಗೆ ಸಣ್ಣಕಥೆ ಸ್ಪರ್ಧೆ. ಇಂಗ್ಲಿಷಿನಲ್ಲಿ, ಟೈಪ್ ಮಾಡಿದ ಮೂರು ಪ್ರತಿ. ಜುಲೈ 20 ಕೊನೆ.

“ವೇದಾನೂ ಕಳಿಸ್ತಾಳಂತೆ. ಚೆನ್ನಾಗಿ ಬರೀತಾಳೆ ಕಣೆ.”

“ನಾನೂ ಬರೀತೀನಿ ರೀ.”

“ಜಾಝ್ ಕೇಳಿದ್ರೆ ತಲೆನೋವು ಅಂದ್ಯಲ್ಲ?”

“ಹೋಯ್ತು!”

ಹೋಗಿಲ್ಲ. ಆದರೆ ಅವಳಿಗಿಂತ ಚೆನ್ನಾಗಿ ಬರೆಯಬೇಕು. ಬರೆಯಲೇಬೇಕು.

ರಾಯಕೋಟೆ, 30 ಜೂನ್

ಆಷಾಢ ಬಂತು. ಅತ್ತೆ, ಹೊಸ ಸೊಸೆ ಒಂದೇ ಸೂರಿನಡಿ ಇರಬಾರದಂತೆ. ತಿಂಗಳು ಪೂರ್ತಿ ತವರಿನಲ್ಲಿ! ಇಂಗ್ಲಿಷ್ ಮೀಡಿಯಂ ಓದಿ ಏನು ಬಂತು? ಅಲ್ಲಿ ಅವರು, ರೆಕಾರ್ಡ್ ಪ್ಲೇಯರ್, ಎರಡು ಬೀದಿ ಆಚೆ ಅವಳು...

9 ಜುಲೈ

ಮುಗಿಯಿತು!! ಒಬ್ಬ ಟ್ರಂಪೆಟ್ ನುಡಿಸುವವನು, ಅವನ ಮುದ್ದಾದ ಹೆಂಡತಿ, ರೆಕಾರ್ಡ್ ಕೊಡುವ ನೆಪದಲ್ಲಿ ಬರುವ ಒಬ್ಬಳು. ಅವಳಿಗೆ ನಮ್ಮ ಮದುವೆ ಫೋಟೋದಲ್ಲಿರುವ ವೇದವತಿಯ ಚೂಪು ಮೂಗೇ ಕೊಟ್ಟೆ. ಕೊನೆಗೆ ಅವಳನ್ನು ಗೊಳೋ ಅಂತ ಅಳಿಸಿ, ಕಲ್ಕತ್ತಾ ರೈಲು ಹತ್ತಿಸಿಬಿಟ್ಟೆ. ಆಹಾ, ಎಂಥ ಸುಖ!

ಕವರ್ ಅಂಟಿಸಿ ಅಣ್ಣನ ಕೈಲಿ ಹೊಸೂರಿಗೆ ಕಳಿಸಿದೆ. ಜೊತೆಗೊಂದು ಚೀಟಿ — ‘ನೀವು ಓದಬಾರದು. ಆಫೀಸಿನ ರಾಮಚಂದ್ರಪ್ಪನವರ ಕೈಲಿ ಟೈಪ್ ಮಾಡಿಸಿ.’

17 ಜುಲೈ

ಅವರ ಇನ್‌ಲ್ಯಾಂಡ್ ಲೆಟರ್. ‘ರಾಮಚಂದ್ರಪ್ಪ ರಜಾ. ವೇದಾಗೆ ಕೊಟ್ಟಿದ್ದೀನಿ. ಯೋಚನೆ ಬೇಡ, ನಾನು ಓದಿಲ್ಲ.’

ಯೋಚನೆ ಬೇಡವಂತೆ!

18 ಜುಲೈ. ಸಂಜೆ ನಾಲ್ಕೂವರೆ

ಬಂದಿದ್ದಳು. ತಾನೇ, ಬಸ್ಸಿನಲ್ಲಿ. ಅಮ್ಮ ಅವಳಿಗೆ ಮಜ್ಜಿಗೆ ಕೊಟ್ಟರು. ಬಾಯಿ ಒಣಗಿದ್ದು ನನಗೆ.

“ಮೂರು ಪ್ರತಿ ಇದೆ ಅಕ್ಕ. ಸಹಿ ಹಾಕಿ ಇವತ್ತೇ ಟಪಾಲಿಗೆ ಹಾಕ್ಬಿಡಿ.”

“ಓದಿದ್ರಾ?”

“ಓದ್ದೆ ಹೆಂಗೆ ಟೈಪ್ ಮಾಡೋದು?” ನಕ್ಕಳು. “ಮೂಗು ಸ್ವಲ್ಪ ಜಾಸ್ತಿ ಆಯ್ತು. ಮತ್ತೆ... ಟ್ರಂಪೆಟ್‌ಗೆ ತಂತಿ ಇರಲ್ಲ ಅಕ್ಕ, ಅದು ಊದೋದು. ಅದೊಂದು ತಿದ್ದಿದೀನಿ.”

ಭೂಮಿ ಬಾಯಿ ಬಿಡಬಾರದೇ!

“ನಿಮ್ಮ ಕಥೆ?” ಅಂದೆ.

ಚೀಲ ಮುಟ್ಟಿಕೊಂಡಳು. “ಇಲ್ಲೇ ಇದೆ. ಟಪಾಲಿಗೆ ಹಾಕೋಣ ಅಂತ್ಲೇ ತಂದೆ. ಈಗ ಬೇಡ ಅನ್ನಿಸ್ತಿದೆ. ನಿಮ್ಮದು ಓದಿದ್ಮೇಲೆ ಅನ್ನಿಸ್ತು, ನನ್ನದು ಅಚ್ಚಾಗಿ ನೀವು ಓದಿದ್ರೆ ಯಾರನ್ನ ನೆನೆಸಿ ಬರೆದಿದ್ದು ಅಂತ ನಿಮಗೆ ಗೊತ್ತಾಗ್ಬಿಡತ್ತೆ. ಬಾವಂಗೆ ಹೇಳ್ಬೇಡಿ.”

ಐದು ಗಂಟೆ ಬಸ್ಸಿಗೆ ಹೊರಟಳು.

ಸಂಜೆ ನಾಲ್ಕು ಮುಕ್ಕಾಲು

ಸಹಿ ಹಾಕಿದೆ. ಮೂರಕ್ಕೂ. ಒಂದೇ ಒಂದು ಟೈಪಿಂಗ್ ತಪ್ಪಿಲ್ಲ. ಅವಳನ್ನು ಬೈಯುವ ಸಾಲುಗಳಲ್ಲೂ ಇಲ್ಲ. ನನ್ನ ಕಥೆಯಲ್ಲಿ ಅವಳು ಗೊಳೋ ಅಂತ ಅಳುತ್ತಾಳೆ. ಇಲ್ಲಿ ಮಜ್ಜಿಗೆ ಕುಡಿದು, ಲೋಟ ತೊಳೆದಿಟ್ಟು ಹೋದಳು. ಅದಕ್ಕೂ ಹೊಟ್ಟೆಕಿಚ್ಚು ನನಗೆ!

ಅವಳು ಕಳಿಸದೆ ನಾನು ಗೆದ್ದರೆ ಅದೆಂಥ ಗೆಲುವು? ಜೀವಮಾನವಿಡೀ ಅವಳದೇ ಚೆನ್ನಾಗಿತ್ತೇನೋ ಅಂತ... ಇಲ್ಲ. ಸೋಲಿಸಿದರೆ ಎದುರಿಗೇ ಸೋಲಿಸಬೇಕು. ಸೋತರೂ ಎದುರಿಗೇ. ಓಡಿದರೆ ಬಸ್ ಸ್ಟ್ಯಾಂಡಿನಲ್ಲೇ ಸಿಗುತ್ತಾಳೆ. ಆ ಕಥೆ ಚೀಲದಿಂದ ಕಿತ್ತುಕೊಂಡಾದರೂ ಸರಿ, ನನ್ನದರ ಜೊತೆಗೇ ಟಪಾಲಿಗೆ —