ಉಲ್ಟಾ ಸುತ್ತಿದ ಗೊಬ್ಬಿ

ಡಿಸೆಂಬರ್ 20, ಶನಿವಾರ. ಬೆಳಿಗ್ಗೆ 5.30

ಬೆಡ್‌ಶೀಟು ಇನ್ನೂ ಹಸಿ. ಈ ಮಾಗಿ ಚಳಿಯಲ್ಲಿ ಎಲ್ಲಿಂದ ಒಣಗಬೇಕು? ಹತ್ತಕ್ಕೆ ಹೊಸ ಗೆಸ್ಟು. ಅವರೆಕಾಳು ಹಿಚುಕಿದ್ದಾಯಿತು. ಸಗಣಿ ತರಿಸಿದ್ದಾಯಿತು. ಕುಂಬಳದ ಹೂವು ಮಾತ್ರ ಸಿಕ್ಕಿಲ್ಲ. ನಮ್ಮ ಯಜಮಾನರು ಪ್ರಸನ್ನ ಹೇಳುವುದು ಕೇಳಬೇಕು— "ಚೆಂಡು ಹೂವ ಸಿಕ್ಕಿಸ್ಬುಡು. ಬೆಂಗ್ಳೂರೋರಿಗೆ ಏನ್ ಗೊತ್ತಾಯ್ತದೆ?" ಬೆಳಬೆಳಿಗ್ಗೆ ಇಂಥ ಮಾತು ಕೇಳಿದರೆ ಮೈ ಉರಿಯದೆ ಇನ್ನೇನು.

ಸಂಜೆ ಮತ್ತೆ ಅದೇ ಪಾಠ ಒಪ್ಪಿಸಬೇಕು: ನೋಡಿ ಸಾರ್, ನೋಡಿ ಮೇಡಂ, ಗೊಬ್ಬಿ ಅಂದರೆ ನಮ್ಮ ಪಾವಗಡದ ಕಡೆಯ ಪದ್ಧತಿ. ಧನುರ್ಮಾಸದಲ್ಲಿ ರಂಗೋಲಿ ನಡುವೆ ಸಗಣಿ ಉಂಡೆ ಇಟ್ಟು, ಹೂವು ಸಿಕ್ಕಿಸಿ, ಹೆಂಗಸರು ಚಪ್ಪಾಳೆ ತಟ್ಟಿಕೊಂಡು, ಹಾಡಿಕೊಂಡು ಸುತ್ತುವುದು...

ಮದುವೆಯಾಗಿ ಮಿಡಿಗೇಶಿಗೆ ಬಂದಾಗ ತವರಿಂದ ತಂದದ್ದು ಇದೊಂದು. ಹೋಂಸ್ಟೇ ಶುರುವಾದ ಮೇಲೆ ಇದೂ ಪ್ಯಾಕೇಜಿಗೆ ಸೇರಿತು. ಬೆಟ್ಟ, ಅವರೆಕಾಳು ಊಟ, ಗೊಬ್ಬಿ. ಆರು ವರ್ಷದಿಂದ ನನಗಾಗಿ ಒಂದು ಸುತ್ತು ಸುತ್ತಿಲ್ಲ. ಬಾಯಿ ಹಾಡುತ್ತದೆ, ತಲೆಯೆಲ್ಲ ಅಡುಗೆಮನೆಯಲ್ಲಿ.

ಡಿಸೆಂಬರ್ 21, ಭಾನುವಾರ

ಕೇಳಿಯೇ ಬಿಟ್ಟೆ. ಸಂಕ್ರಾಂತಿಗೆ ಗೆಸ್ಟು ಬೇಡ. ಒಂದೇ ಒಂದು ದಿನ.

"ಸೀಜನ್ ಕಣೆ ಅದು! ಮಾವಿನಹಣ್ಣು ಮಾರೋನು ಬ್ಯಾಸ್ಗೇಲಿ ಅಂಗ್ಡಿ ಮುಚ್ತಾನಾ?"

"ಹಂಗಾದ್ರೆ ನನ್ನ ಹಬ್ಬ ಯಾವಾಗ್ರೀ? ಆಷಾಢದಲ್ಲಾ?"

ಅತ್ತೆ ಮೂಲೆಯಲ್ಲಿ ಕಾಳು ಹಿಚುಕುತ್ತಿದ್ದರು. "ವಾರವಾರ ಗೊಬ್ಬಿ ಇಟ್ರೆ ಅದು ಹಬ್ಬಾನೋ ಸರ್ಕಸ್ಸೋ" ಅಂದರು. ನನಗೆ ಅಂದರೋ, ಮಗನಿಗೆ ಅಂದರೋ. ಚನ್ನಮಲ್ಲಮ್ಮನವರ ಮಾತು ಯಾವಾಗಲೂ ಹೀಗೇ, ಇಬ್ಬರಿಗೂ ತಾಗುವ ಹಾಗೆ.

ಪ್ರಸನ್ನ ಕೆಟ್ಟವರಲ್ಲ. ಬೀಜ-ಗೊಬ್ಬರದ ಅಂಗಡಿ ಕೈಕೊಟ್ಟ ಮೇಲೆ ಈ ಮನೆಯನ್ನು ಎತ್ತಿ ನಿಲ್ಲಿಸಿದ್ದು ಅವರೇ. ಗೊತ್ತು. ಗೊತ್ತಿದ್ದೂ ಸಿಟ್ಟು ಬರುತ್ತದೆ, ಏನು ಮಾಡಲಿ.

ಡಿಸೆಂಬರ್ 29, ಸೋಮವಾರ

ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಕೊರಟಗೆರೆ ಹತ್ತಿರ ಸಿದ್ಧರಬೆಟ್ಟದ ಬುಡದಲ್ಲಿ ಒಂದು ಹೋಂಸ್ಟೇ ಇದೆ. ಫೋನು ಮಾಡಿ ರೂಮು ಹಿಡಿದೆ. ನನ್ನ ಹೆಸರಲ್ಲೇ. ಗಗನಾ, ಒಬ್ಬರೇ.

ಪ್ರಸನ್ನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅವ್ವಾ, ಕೇಳ್ದೇನವ್ವಾ! ಹೋಂಸ್ಟೇ ನಡ್ಸೋಳು ಹೋಂಸ್ಟೇಗೆ ಹೋಯ್ತಾಳಂತೆ!"

ನಗಲಿ. ಬ್ಯಾಗು ತುಂಬುತ್ತಿದ್ದೇನೆ. ಇನ್ನೂ ಒಂದು ವಾರ ಇದೆ ಅನ್ನುವುದು ಬೇರೆ ಮಾತು.

ಜನವರಿ 5, ಸೋಮವಾರ. ಕೊರಟಗೆರೆ. ಮಧ್ಯಾಹ್ನ

ಬಂದೆ. ಬೆಟ್ಟ ಚೆನ್ನಾಗಿದೆ, ಗಾಳಿ ಚೆನ್ನಾಗಿದೆ. ಜಗಲಿಯಲ್ಲಿ ಬೆತ್ತದ ಕುರ್ಚಿ. ಕೂತೆ... ಎದ್ದೆ. ಒಗೆದ ಬಟ್ಟೆ ತಂತಿ ಮೇಲೆ ಮುದ್ದೆಯಾಗಿ ಬಿದ್ದಿತ್ತು, ಕೊಡವಿ ಹರಡಿದೆ. ಮತ್ತೆ ಕೂತೆ. ಸಾರಿಗೆ ಉಪ್ಪು ಕಡಿಮೆ. ಹೇಳಲೋ ಬೇಡವೋ ಅಂತ ಒದ್ದಾಡಿ, ಹೇಳಿಯೂ ಬಿಟ್ಟೆ. ಥೂ, ನನ್ನಂಥ ಗೆಸ್ಟು ನನ್ನ ಮನೆಗೆ ಬಂದಿದ್ದರೆ ಬೆನ್ನ ಹಿಂದೆ ಬೈದುಕೊಳ್ಳುತ್ತಿದ್ದೆ.

ಮನೆಯೊಡತಿ ತೇಜಸ್ವಿನಿ. ನನಗಿಂತ ಚಿಕ್ಕವಳು. ಒಳ್ಳೆಯ ಹುಡುಗಿ, ಕಾಲಿಗೆ ಚಕ್ರ. ತಟ್ಟೆ ಎತ್ತಲು ಹೋದರೆ ಕಿತ್ತುಕೊಂಡಳು. "ಅಕ್ಕಾ, ನಿಮ್ಗೆ ಕೈಮುಗೀತೀನಿ, ಸುಮ್ನೆ ಕೂತ್ಕೊಳ್ರಿ!"

ಕೂರುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಮುಂದಿನ ಬಸ್ಸಿಗೇ ಹೊರಟುಬಿಡೋಣವೇ ಅನ್ನಿಸಿತು. ನಾಚಿಕೆಯಾಗಿ ಉಳಿದೆ.

ಜನವರಿ 6, ಮಂಗಳವಾರ. ಮಿಡಿಗೇಶಿ. ರಾತ್ರಿ

ಹೌದು, ಮನೆಯಲ್ಲೇ ಇದ್ದೇನೆ. ನಾಳೆ ಕರೆಯಲು ಬರಬೇಕಿದ್ದ ಪ್ರಸನ್ನ ಇವತ್ತೇ ಬಂದರು. ಅದಕ್ಕಿಂತ ಮೊದಲು ನಡೆದದ್ದು ಬರೆಯಬೇಕು.

ಸಂಜೆ ತೇಜಸ್ವಿನಿ ಬಾಗಿಲು ತಟ್ಟಿದಳು. "ಬನ್ನಿ ಅಕ್ಕಾ, ಅಂಗಳದಲ್ಲಿ ಗೊಬ್ಬಿ ಇಟ್ಟಿದೀವಿ. ನಿಮ್ಗೆ ಬರ್ದೇ ಇದ್ರೂ ಪರ್ವಾಗಿಲ್ಲ, ನಾವು ಹೇಳ್ಕೊಡ್ತೀವಿ."

ನನಗೆ! ಗೊಬ್ಬಿ! ಹೇಳಿಕೊಡುತ್ತಾಳಂತೆ! ಬಾಯಿ ಮುಚ್ಚಿಕೊಂಡು ಹೋದೆ. ತುಮಕೂರಿಂದ ಬಂದಿದ್ದ ಟೀಚರಮ್ಮಂದಿರು ಆಗಲೇ ಸೆರಗು ಸಿಕ್ಕಿಸಿ ನಿಂತಿದ್ದರು. ಶುರುವಾಯಿತು. ನೋಡುತ್ತೇನೆ, ಎಲ್ಲರೂ ಎಡಕ್ಕೆ ಸುತ್ತುತ್ತಿದ್ದಾರೆ! ಅಪ್ರದಕ್ಷಿಣೆ! ನಮ್ಮಮ್ಮ ಇದ್ದಿದ್ದರೆ ಬೆನ್ನಿಗೆ ಗುದ್ದುತ್ತಿದ್ದಳು.

"ಯಾರಮ್ಮ ನಿಂಗೆ ಇದನ್ನ ಕಲಿಸ್ದೋರು?"

"ಮಿಡಿಗೇಶೀಲಿ ಒಂದು ಹೋಂಸ್ಟೇ ಇದೆಯಂತೆ ಅಕ್ಕಾ. ಅವ್ರ ವೀಡಿಯೊ ನೋಡಿ ಕಲಿತ್ವಿ" ಅಂತ ಫೋನು ತೋರಿಸಿದಳು. ನಾನೇ! ಯಾರೋ ಗೆಸ್ಟು ಸೆಲ್ಫಿಯಲ್ಲಿ ತೆಗೆದದ್ದನ್ನು ಪ್ರಸನ್ನ ಹಾಗೇ ನಮ್ಮ ಪೇಜಿಗೆ ಹಾಕಿದ್ದರು. ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲ ಅದಲುಬದಲು. ನನ್ನ ಸೆರಗು ಬಲಭುಜದ ಮೇಲೆ. ಕತ್ತಲಲ್ಲಿ ಮುಖ ಕಾಣದೆ ತೇಜಸ್ವಿನಿಗೆ ಗುರುತು ಸಿಕ್ಕಿಲ್ಲ. ಪಾಪ, ಕಂಡದ್ದನ್ನು ಕಂಡ ಹಾಗೇ ನಿಷ್ಠೆಯಿಂದ ಉಲ್ಟಾ ಕಲಿತಿದ್ದಾಳೆ.

ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ... ಹೇಳಿದ್ದರೆ ಮತ್ತೆ ನಾನೇ ಟೀಚರು. ಅವರ ಜೊತೆ ಸೇರಿ ನಾನೂ ಎಡಕ್ಕೇ ಸುತ್ತಿದೆ. ಕಾಲು ತೊಡರುತ್ತಿತ್ತು, ಒಬ್ಬರಿಗೊಬ್ಬರು ಡಿಕ್ಕಿ, ನಗು ತಡೆಯಲಾಗಲಿಲ್ಲ. ನಾನು ತಪ್ಪಿದರೂ ಕೇಳುವವರಿಲ್ಲ. ಸುತ್ತುತ್ತ ಸುತ್ತುತ್ತ ಅಮ್ಮ ನೆನಪಾದಳು. ನಗುತ್ತಿದ್ದವಳಿಗೆ ಅಳುವೂ ಬಂತು. ಎಷ್ಟು ಖುಷಿಯಾಯಿತು ಅಂತ ಬರೆಯಲು ಬರುವುದಿಲ್ಲ.

ಮುಗಿದ ಮೇಲೆ ತೇಜಸ್ವಿನಿ ಪಕ್ಕಕ್ಕೆ ಕರೆದಳು. "ಅಕ್ಕಾ, ಒಂದೇ ಸಲಕ್ಕೆ ಎಷ್ಟ್ ಚೆನ್ನಾಗಿ ಕಲ್ತ್ರಿ! ಗೆಸ್ಟುಗಳ ಜೊತೆ ಸುತ್ತೋಕೆ ಶನಿವಾರ ಶನಿವಾರ ಬರ್ತೀರಾ? ಏನಾದ್ರೂ ಕೊಡ್ತೀನಿ."

ಎಲ್ಲಿ ಹೋದರೂ ಇದೇ ಹಣೆಬರಹ! ಬಿದ್ದು ಬಿದ್ದು ನಕ್ಕೆ.

ತಿರುಗಿದರೆ ಗೇಟಿನ ಹತ್ತಿರ ಪ್ರಸನ್ನ. ಫೋನು ಎತ್ತಿ ಹಿಡಿದಿದ್ದಾರೆ. "ಲೇ ಗಗನಾ, ಉಲ್ಟಾ ಸುತ್ಬುಟ್ಯಲ್ಲೇ! ಇನ್ನೊಂದ್ಸಲಿ ನೆಟ್ಟಗೆ ಸುತ್ತು, ವೀಡಿಯೊ ಚೆಂದಾಗಿ ಬತ್ತದೆ."

ಸುತ್ತಲಿಲ್ಲ. ಬ್ಯಾಗು ತಂದು ಕಾರಲ್ಲಿ ಕೂತೆ. ಮಧುಗಿರಿ ದಾಟಿದ ಮೇಲೆ ಅವರೇ— "ಆಯ್ತು ಬುಡು. ಸಂಕ್ರಾಂತಿಗೆ ಯಾರೂ ಬ್ಯಾಡ. ನಾವು ನಾವೇ."

ಕೈ ಹಿಡಿದುಕೊಂಡೆ. ಗೇರು ಹಾಕಲು ಬಿಡು ಅಂದರು.

ಜನವರಿ 10, ಶನಿವಾರ

ನಮ್ಮ ಪೇಜಿನಲ್ಲಿ ಕೊರಟಗೆರೆಯ ವೀಡಿಯೊ ಇದೆ, ಪ್ರಸನ್ನ ಗೇಟಿನ ಹತ್ತಿರ ನಿಂತು ತೆಗೆದದ್ದು. ನಾನು ನಗುತ್ತಿದ್ದೇನೆ, ಕಣ್ಣು ಒರೆಸಿಕೊಳ್ಳುತ್ತಿದ್ದೇನೆ. ಯಾವುದೋ ಆ್ಯಪಿನಲ್ಲಿ ತಿರುಗಿಸಿ ಸುತ್ತು ಸರಿ ಮಾಡಿದ್ದಾರೆ. ಸೆರಗು ಮತ್ತೆ ಬಲಭುಜಕ್ಕೆ. ಕೆಳಗೆ: "ಸಂಕ್ರಾಂತಿಗೆ ಬನ್ನಿ, ಮನೆಯೊಡತಿಯ ಜೊತೆ ಗೊಬ್ಬಿ ಸುತ್ತಿ."

ರೂಮೆಲ್ಲ ಭರ್ತಿಯಂತೆ.

"ಹಾಕಿದ್ದೇ ತಡ, ಜನ ಮುಗಿಬಿದ್ಬುಟ್ರು ಕಣೆ. ಬಂದ್ ಬಂದೋರಿಗೆ ಹೆಂಗೆ ಇಲ್ಲ ಅನ್ಲಿ? ನೀನು ಅಷ್ಟ್ ಚೆಂದಾಗಿ ನಗ್ತಿದ್ದೆ..."

ಕೂಗಾಡಲಿಲ್ಲ. ನನಗೇ ಆಶ್ಚರ್ಯ. ಕೂಗಾಡಲು ಸಿಟ್ಟು ಬೇಕು. ಇದು ಸಿಟ್ಟಲ್ಲ. ಆ ಸಂಜೆ ಒಂದೇ ನನ್ನದು ಅಂದುಕೊಂಡಿದ್ದೆ.

ಜನವರಿ 14, ಬುಧವಾರ. ಬಸ್ಸಿನಲ್ಲಿ

ಬೆಳಿಗ್ಗೆ ಎಲ್ಲ ರೂಮು ಗುಡಿಸಿ, ಹಾಸಿಗೆ ಹಾಸಿ, ಹಬ್ಬಕ್ಕೆಂದು ಗೊತ್ತುಮಾಡಿದ ಅಡುಗೆಯವಳಿಗೆ ಹೇಳಬೇಕಾದ್ದು ಹೇಳಿ, ರೋಡಿಗೆ ಬಂದು ಪಾವಗಡದ ಬಸ್ಸು ಹತ್ತಿದೆ. ಅಕ್ಕನ ಮನೆಗೆ. ಬಸ್ಸು ಕುಲುಕಿ ಅಕ್ಷರ ಸೊಟ್ಟ.

ಫೋನು ಬಂತು. "ಎಲ್ಲಿದೀಯೇ? ಗೆಸ್ಟೆಲ್ಲ ಬಂದವ್ರೆ. ಗೊಬ್ಬಿ ಯಾರು ಸುತ್ಸೋರು?"

"ನೀವೇ ಸುತ್ತಿ."

"ತಮಾಸೆ ಮಾಡ್ಬ್ಯಾಡ ಕಣೆ!"

"ತಮಾಷೆ ಅಲ್ಲ ರೀ. ಒಂದು ದಿನ ಕೇಳ್ದೆ. ಕೊಡ್ತೀನಿ ಅಂದ್ರಿ. ಅದನ್ನೂ ಮಾರ್ಕೊಂಡ್ರಿ."

ಆ ಕಡೆ ಅತ್ತೆಯ ದನಿ. ಮಗನ ಕೈಯಿಂದ ಫೋನು ಕಿತ್ತುಕೊಂಡಿರಬೇಕು. "ಹೋಗ್ಬುಟ್ ಬಾರಮ್ಮ ನೀನು. ಇವನ ಕೈಲಿ ನಾನ್ ಸುತ್ತಿಸ್ತೀನಿ."

ನಗು ಬಂತು.

ಜನವರಿ 15, ಸಂಕ್ರಾಂತಿ. ಪಾವಗಡ. ಸಂಜೆ

ಎಳ್ಳು ಬೀರಿ ಬಂದೆವು. ಅಂಗಳದಲ್ಲಿ ಅಕ್ಕನ ಮಕ್ಕಳು ರಂಗೋಲಿ ಮುಗಿಸುತ್ತಿದ್ದಾರೆ. ಉಂಡೆ ಕಟ್ಟಿದ್ದು ನಾನೇ. ಎಷ್ಟು ತೊಳೆದರೂ ಕೈಯಲ್ಲಿ ಸಗಣಿ ವಾಸನೆ, ಇರಲಿ. ಈ ತೆಲುಗು ಗಡಿಯಲ್ಲಿ ಚಿಕ್ಕಮ್ಮನಿಗೆ ಪಿನ್ನಿ ಅನ್ನುತ್ತಾರೆ. "ಪಿನ್ನೀ, ರಾ!" ಅಂತ ಆಗಿನಿಂದ ಗೊಬ್ಬಿ ಸುತ್ತಲು ಕರೆಯುತ್ತಿವೆ. ಬೆಳಿಗ್ಗೆಯಿಂದ ಪ್ರಸನ್ನರ ಫೋನಿಲ್ಲ. ನಾನೂ ಮಾಡಿಲ್ಲ. ಮಾಡಬೇಕಿತ್ತೇನೋ. ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.

ಬೀದಿಯಲ್ಲಿ ಕಾರು ನಿಂತ ಸದ್ದು. ನಮ್ಮದೇ, ಹಾರ್ನು ಗೊತ್ತಾಗುತ್ತದೆ. ಬಂದಿದ್ದಾರೆ.

ಗೆಸ್ಟುಗಳನ್ನು ಬಿಟ್ಟು ಹಬ್ಬಕ್ಕೆ ಬಂದರೋ, ನನ್ನನ್ನು ಕರೆದುಕೊಂಡು ಹೋಗಲು ಬಂದರೋ? ಆಮೇಲೆ ಕೇಳುತ್ತೇನೆ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿರಲಿ. ನಾನು ಮೊದಲು ನನಗಾಗಿ ಒಂದು ಸುತ್ತು ಸುತ್ತಿ ಬರುತ್ತೇನೆ.